ಸರ್ಕಾರದ ಗ್ಯಾರಂಟಿ ಇದ್ದ ಕೋವಿಡ್ ಸಾಲ: ಪೂರ್ತಿ ತೀರಿಸಿದ ಮೇಲೆ ನನ್ನ ಅಭಿಪ್ರಾಯ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮುಕ್ಕಾಲು ಪಾಲು ಲಗ್ನಪತ್ರಿಕೆ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳೆಲ್ಲ ಮುಂದೆ ಹೋದವು, ಅರಿಶಿನ ಹಚ್ಚಬೇಕಿದ್ದ ಪತ್ರಿಕೆಗಳ ಕಟ್ಟು ಕಟಿಂಗ್ ಮಷಿನ್ ಪಕ್ಕದಲ್ಲೇ ಧೂಳು ಹಿಡಿದು ಕೂತಿತು. ಆಗ ಬ್ಯಾಂಕಿನವರೇ ಫೋನ್ ಮಾಡಿ ಇಸಿಎಲ್‌ಜಿಎಸ್, ಅಂದರೆ ಕೋವಿಡ್ ಹೊಡೆತ ತಿಂದ ವ್ಯಾಪಾರಗಳಿಗೆ ಸರ್ಕಾರದ ಗ್ಯಾರಂಟಿ ಮೇಲೆ ಕೊಡುವ ತುರ್ತು ಸಾಲ, ತಗೊಳ್ಳಿ ಅಂದರು.

ಸಾಲ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಫೆಬ್ರವರಿ 29ಕ್ಕೆ ನನ್ನ ಹಳೇ ಸಾಲದ ಬಾಕಿ 8 ಲಕ್ಷ ಇತ್ತು, ಅದರ ಶೇ 20ರಂತೆ 1.6 ಲಕ್ಷ ಕೊಟ್ಟರು. ಬ್ಯಾಂಕುಗಳು ಶೇ 9.25ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿರಲಿಲ್ಲ. ಪ್ರೊಸೆಸಿಂಗ್ ಶುಲ್ಕ ಇಲ್ಲ, ಹೊಸದಾಗಿ ಏನೂ ಅಡ ಇಡಬೇಕಿಲ್ಲ. ಮೊದಲ ವರ್ಷ ತಿಂಗಳಿಗೆ ಸುಮಾರು 1,230 ರೂಪಾಯಿ ಬಡ್ಡಿ ಕಟ್ಟಿದರೆ ಸಾಕಿತ್ತು. ಕೆಲಸದ ಹುಡುಗರ ಸಂಬಳ ಆ ದುಡ್ಡಿನಲ್ಲೇ ಆಯಿತು.

ನನಗೆ ಸಿಟ್ಟಿರುವುದು ಗ್ಯಾರಂಟಿ ಅನ್ನೋ ಪದದ ಬಗ್ಗೆ. ಶಾಖೆಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಸರ್ಕಾರ ಶೇ 100 ಗ್ಯಾರಂಟಿ ಕೊಟ್ಟಿದ್ದು ಬ್ಯಾಂಕಿಗೆ, ನಮಗಲ್ಲ. ನಾವು ಕಟ್ಟದಿದ್ದರೆ ಎನ್‌ಸಿಜಿಟಿಸಿ ಅನ್ನೋ ಸರ್ಕಾರದ ಗ್ಯಾರಂಟಿ ಸಂಸ್ಥೆ ಬ್ಯಾಂಕಿಗೆ ದುಡ್ಡು ಕೊಡುತ್ತದೆ, ಆದರೆ ನಮ್ಮ ಸಾಲ ಹಾಗೇ ಇರುತ್ತದೆ, ಬ್ಯಾಂಕ್ ವಸೂಲಿ ನಿಲ್ಲಿಸುವುದೂ ಇಲ್ಲ. ಪಕ್ಕದ ಬೀದಿಯ ಶಾಮಿಯಾನದವರು "ಸರ್ಕಾರವೇ ಕಟ್ಟುತ್ತೆ ಬಿಡಣ್ಣ" ಅಂತ ಸುಮ್ನಿದ್ದುಬಿಟ್ಟರು. ಕಂತು ತಪ್ಪಿ 90 ದಿನ ದಾಟಿದ ಮೇಲೆ ಈ ಸಣ್ಣ ಸಾಲದ ಜೊತೆ, ಅದೇ ಬ್ಯಾಂಕಿನಲ್ಲಿ ಸರಿಯಾಗಿ ನಡೀತಿದ್ದ ಅವರ ಹಳೇ ಸಾಲವೂ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಯಿತು. ನಿಯಮವೇ ಹಾಗಿದೆ, ಸಾಲಗಾರ ಒಬ್ಬನೇ ಆದರೆ ಅವನ ಎಲ್ಲ ಖಾತೆಗೂ ಅದೇ ಗತಿ. ಇದನ್ನು ಸಹಿ ಹಾಕಿಸುವಾಗಲೇ ಹೇಳಬೇಕಿತ್ತು ಅಲ್ವಾ?

ಇನ್ನೊಂದು ತೊಂದರೆ ಅಸಲು ಕಟ್ಟೋಕೆ ಇದ್ದ ಒಂದೇ ವರ್ಷದ ಬಿಡುವು. 2021ರ ಏಪ್ರಿಲ್, ಮೇ ನಮ್ಮ ದುಡಿಮೆಯ ಕಾಲ, ಆಗಲೇ ಎರಡನೇ ಅಲೆ ಬಂತು. 5,100 ರೂಪಾಯಿಯ ಮೊದಲ ಕಂತು ಬಂದದ್ದು ಆಗಸ್ಟ್ ಮೊದಲ ವಾರ, ಇನ್ನೂ ಆಷಾಢ, ಒಂದು ಪತ್ರಿಕೆಯ ಆರ್ಡರೂ ಇಲ್ಲ. ಹೆಂಡತಿಯ ಚೀಟಿ ದುಡ್ಡಿನಿಂದ ಕಟ್ಟಿದೆ.

ಇಂಥ ಸಾಲ ಮತ್ತೆ ಬಂದರೆ ತಗೊಳ್ಳಿ ಅಂತಲೇ ಹೇಳ್ತೀನಿ. ಆದರೆ ಬಡ್ಡಿ ಎಷ್ಟು ಅಂತ ಕೇಳುವ ಮೊದಲು, ಅಸಲಿನ ಕಂತು ಯಾವ ತಿಂಗಳು ಶುರು ಅಂತ ಕೇಳಿ, ಆ ತಿಂಗಳು ನಿಮ್ಮ ವ್ಯಾಪಾರ ಹೇಗಿರುತ್ತೆ ನೋಡಿಕೊಳ್ಳಿ. ತೀರಿಸಿದ ಮೇಲೆ ಬಾಕಿ ಇಲ್ಲ ಅನ್ನೋ ಪತ್ರ ಕೈಗೆ ಬರೋತನಕ ಶಾಖೆ ಬಿಟ್ಟು ಬರಬೇಡಿ. ನನಗೆ ಅದಕ್ಕೇ ಮೂರು ಸಲ ಓಡಾಡಬೇಕಾಯಿತು.