ಹಾಸನದ ಫುಟ್‌ಬಾಲ್ ಆಯ್ಕೆ ಶಿಬಿರ: ಐದಕ್ಕೆ ಮೂರು ಸ್ಟಾರ್

ಮಗನನ್ನು ಕರೆದುಕೊಂಡು ಅರಸೀಕೆರೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದೆ. ಫೀಸು 400 ರೂಪಾಯಿ. ಊಟ ಇಲ್ಲ, ನೆರಳೂ ಇಲ್ಲ.

ಸ್ಕೌಟ್‌ಗಳು, ಅಂದರೆ ಒಳ್ಳೆ ಆಟಗಾರರನ್ನು ಗುರುತಿಸಿ ಆರಿಸುವವರು, ಇಬ್ಬರು. ಒಬ್ಬರು ಹಳೇ ಆಟಗಾರರು. ಗೋಲು ಹೊಡೆದವರ ನಂಬರ್ ಬರೆದುಕೊಂಡು ಸುಮ್ನೆ ಫೋನ್ ನೋಡುತ್ತಾ ಕೂತರು. ಇನ್ನೊಬ್ಬರು ರಿಟೈರ್ ಆದ ಪಿಟಿ ಮೇಷ್ಟ್ರು. ನನ್ನ ಮಗ ಡಿಫೆಂಡರ್, ಚೆಂಡು ಮುಟ್ಟಿದ್ದೇ ಕಡಿಮೆ. ಆದರೂ ಅವನನ್ನು ಕರೆದು, "ಚೆಂಡು ಬರೋಕೆ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡ್ತೀಯಲ್ಲ, ಯಾರು ಕಲಿಸಿದ್ದು ಮಗಾ?" ಅಂದರು. ಅಪ್ಪ ಆಗಿ ನಾನೇ ಗಮನಿಸಿರಲಿಲ್ಲ!

ದೊಡ್ಡ ಆಟಗಾರರಾಗಿದ್ದರೇ ಕಣ್ಣು ಚುರುಕು ಅಂತೇನಿಲ್ಲ. ಇಂಗ್ಲೆಂಡಿನ ಹೆಸರಾಂತ ಫುಟ್‌ಬಾಲ್ ಆಟಗಾರ ಅಲನ್ ಶಿಯರರ್‌ನನ್ನು ಹುಡುಗನಾಗಿದ್ದಾಗಲೇ ಗುರುತಿಸಿ ಸೌತಾಂಪ್ಟನ್ ಕ್ಲಬ್‌ಗೆ ಸೇರಿಸಿದ ಸ್ಕೌಟ್ ಜ್ಯಾಕ್ ಹಿಕ್ಸನ್ ರೈಲ್ವೆಯಲ್ಲಿ ಕೆಲಸ ಮಾಡಿದವರು.

ಮುಂದಿನ ಸಲ ಮೇಷ್ಟ್ರು ಬರುತ್ತಾರಾ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ. ನೀರು ಜಾಸ್ತಿ ತನ್ನಿ.