ಕ್ಯಾಮೆರಾ ಟ್ರ್ಯಾಪ್ ಜೋಡಿ: ಎರಡು ತಿಂಗಳು ಬಳಸಿದ ಮೇಲೆ

ಚಿರತೆ ಗಣತಿಗೆಂದು ತರಿಸಿಕೊಂಡ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಫ್ಲ್ಯಾಶ್‌ನ ಎರಡು ಕ್ಯಾಮೆರಾ ಟ್ರ್ಯಾಪ್‌ಗಳನ್ನು, ಅಂದರೆ ಪ್ರಾಣಿ ಎದುರು ಹಾದಾಗ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು, ಕಾಡಿನ ಕಾಲುದಾರಿಯೊಂದರ ಇಕ್ಕೆಲಗಳ ಮರಗಳಿಗೆ, ಒಂದರ ಬೆಳಕು ಇನ್ನೊಂದರ ಕಣ್ಣಿಗೆ ಹೊಡೆಯದಂತೆ ತುಸು ಓರೆಯಾಗಿ ಬಿಗಿದು, ಎರಡು ತಿಂಗಳು ಬಳಸಿದ್ದೇನೆ. ಕೊಳ್ಳುವವರು ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟು ಎಂದು. ಗಣತಿ ಮಾಡುವವರು ಕೇಳಬೇಕಾದದ್ದು, ಚಿತ್ರದಲ್ಲಿರುವ ಚಿರತೆ ಯಾವುದೆಂದು ಅದರ ಮೈಚುಕ್ಕೆಗಳಿಂದ ಖಚಿತವಾಗಿ ಗುರುತಿಸಬಹುದೇ ಎಂದು.

ಕವಚ ಗಟ್ಟಿಯಾಗಿದೆ, ಮಳೆಗೆ ಒಳಗೆ ಹನಿಯೂ ಇಳಿಯಲಿಲ್ಲ, ಬ್ಯಾಟರಿ ಕೊನೆಯವರೆಗೂ ಬಂತು. ಸೆನ್ಸರ್ ಪ್ರಾಣಿಯ ಮೈಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು ಗ್ರಹಿಸಿ ಕೆಲಸ ಮಾಡುವುದರಿಂದ ರಾತ್ರಿ ಮತ್ತು ಬೆಳಗಿನ ಜಾವ ಚುರುಕಾಗಿರುತ್ತದೆ. ನೆಲ ಕಾದ ನಡುಹಗಲಿನಲ್ಲಿ ಮಂಕಾಗುತ್ತದೆ, ಬಿಸಿಲು ಬಿದ್ದ ಹುಲ್ಲು ತೂಗಿದರೂ ಚಿತ್ರ ತೆಗೆಯುತ್ತದೆ. ಇದು ಈ ಬಗೆಯ ಸೆನ್ಸರ್‌ನ ಮಿತಿಯಾದ್ದರಿಂದ ಇದೊಂದೇ ಕ್ಯಾಮೆರಾದ ಮೇಲೆ ಹೊರಿಸಲಾರೆ.

ಆದರೆ ಗಡಿಯಾರದ ದೋಷವನ್ನು ನಾನು ಕ್ಷಮಿಸಲಾರೆ. ಮೊದಲ ತಿಂಗಳ ಮೆಮೊರಿ ಕಾರ್ಡ್ ತೆಗೆದು ನೋಡಿದಾಗ ಒಂದರ ಸಮಯ ಇನ್ನೊಂದಕ್ಕಿಂತ 7 ನಿಮಿಷ ಮುಂದೆ ಓಡಿತ್ತು. ಚಿರತೆಯ ಎಡಮೈಯ ಚುಕ್ಕೆಗಳ ವಿನ್ಯಾಸವೇ ಬೇರೆ, ಬಲಮೈಯದೇ ಬೇರೆ. ಎರಡೂ ಬದಿಯ ಚಿತ್ರಗಳು ಒಂದೇ ಕ್ಷಣದವು ಎಂದು ತಿಳಿದಾಗ ಮಾತ್ರ ಅವನ್ನು ಒಂದೇ ಪ್ರಾಣಿಗೆ ಸೇರಿಸಬಹುದು. ತಾಯಿಯೂ ಬೆಳೆದ ಮರಿಯೂ ಹಿಂದೆ ಮುಂದೆ ನಡೆದು ಹೋಗಿದ್ದ ರಾತ್ರಿಯ ಚಿತ್ರಗಳಲ್ಲಿ ಯಾವ ಎಡಮೈ ಯಾವ ಬಲಮೈಗೆ ಸೇರಿದ್ದೆಂದು ನನಗೆ ಕೊನೆಗೂ ಬಗೆಹರಿಯಲಿಲ್ಲ.

ಇದು ಸಣ್ಣ ತೊಂದರೆಯಲ್ಲ. 1896ರಲ್ಲಿ ಡೆನ್ಮಾರ್ಕಿನ ಜೀವವಿಜ್ಞಾನಿ ಪೀಟರ್‌ಸನ್ ಮೀನುಗಳಿಗೆ ಗುರುತು ಹಾಕಿ ನಡೆಸಿದ ಕೆಲಸದಿಂದ, 1930ರಲ್ಲಿ ಅಮೆರಿಕದ ಪಕ್ಷಿತಜ್ಞ ಲಿಂಕನ್ ಉಂಗುರ ತೊಡಿಸಿದ ಬಾತುಗಳಿಂದ ಮಾಡಿದ ಅಂದಾಜಿನಿಂದ ಬೆಳೆದು ಬಂದ ಗಣತಿಯ ಲೆಕ್ಕ ನಿಂತಿರುವುದೇ ಮರುಗುರುತಿನ ಮೇಲೆ, ಅಂದರೆ ಹಿಂದೆ ಕಂಡ ಪ್ರಾಣಿ ಮತ್ತೆ ಸಿಕ್ಕಾಗ ಅದೇ ಎಂದು ಗುರುತಿಸುವುದರ ಮೇಲೆ. ಮೊದಲ ಸುತ್ತಿನಲ್ಲಿ 20, ಎರಡನೆಯದರಲ್ಲಿ 15 ಪ್ರಾಣಿಗಳು ಸಿಕ್ಕು, ಅವುಗಳಲ್ಲಿ 10 ಹಳೆಯವಾದರೆ ಒಟ್ಟು ಸಂಖ್ಯೆ 20ನ್ನು 15ರಿಂದ ಗುಣಿಸಿ 10ರಿಂದ ಭಾಗಿಸಿದಷ್ಟು, ಅಂದರೆ 30. ಹಳೆಯ ಎರಡನ್ನು ಗುರುತಿಸಲಾಗದೆ ಹೊಸವೆಂದು ಬರೆದುಕೊಂಡರೆ ಅದೇ ಲೆಕ್ಕ 37ನ್ನು ದಾಟುತ್ತದೆ. ಕಾಡಿನಲ್ಲಿಲ್ಲದ ಏಳು ಚಿರತೆಗಳು ಕಾಗದದ ಮೇಲೆ ಹುಟ್ಟಿಬಿಡುತ್ತವೆ.

ರಾತ್ರಿ ಚಿತ್ರಗಳೂ ನಿರಾಸೆ ತಂದವು. ನಡೆಯುವ ಪ್ರಾಣಿಯ ಮೈಮೇಲಿನ ಚುಕ್ಕೆಗಳು ಇನ್‌ಫ್ರಾರೆಡ್ ಬೆಳಕಿನಲ್ಲಿ ಒಂದಕ್ಕೊಂದು ಕಲಸಿಕೊಳ್ಳುತ್ತವೆ. ಬಿಳಿ ಫ್ಲ್ಯಾಶ್‌ನ ಕ್ಯಾಮೆರಾಕ್ಕೆ ಕೆಲವು ಪ್ರಾಣಿಗಳು ಬೆದರುವುದು ನಿಜವಾದರೂ, ಮೈಗುರುತಿನ ಕೆಲಸಕ್ಕೆ ನಾನು ಅದನ್ನೇ ಆರಿಸುತ್ತೇನೆ.

ಕಡವೆ, ಕಾಡುಹಂದಿಯಂತಹ ಮೈಗುರುತಿಲ್ಲದ ಪ್ರಾಣಿಗಳಿಗೆ ಮಾತ್ರ ಈ ಜೋಡಿ ಚೆನ್ನಾಗಿ ಒಗ್ಗುತ್ತದೆ. ಸಂಶೋಧಕ ರೋಕ್ಲಿಫ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಪ್ರಾಣಿಗಳು ಕ್ಯಾಮೆರಾಕ್ಕೆ ಎಷ್ಟು ಬಾರಿ ಎದುರಾದವು, ಎಷ್ಟು ವೇಗವಾಗಿ ಓಡಾಡುತ್ತವೆ, ಸೆನ್ಸರ್ ಎಷ್ಟು ದೂರ ಮತ್ತು ಎಷ್ಟು ಅಗಲ ಗ್ರಹಿಸುತ್ತದೆ ಎಂಬುದರಿಂದ ಸಾಂದ್ರತೆಯನ್ನು, ಅಂದರೆ ಇಷ್ಟು ಜಾಗದಲ್ಲಿ ಎಷ್ಟು ಪ್ರಾಣಿಗಳಿವೆ ಎಂಬುದನ್ನು, ಅಂದಾಜಿಸಬಹುದು. ನಾನು ಮಂಡಿಯೂರಿ ಬೇರೆಬೇರೆ ದೂರದಲ್ಲಿ ಹಾದು ನೋಡಿದಾಗ ಎರಡೂ ಕ್ಯಾಮೆರಾಗಳು ಒಂದೇ ಗೆರೆಯವರೆಗೆ ಸ್ಪಂದಿಸಿದವು. ಈ ಲೆಕ್ಕಕ್ಕೆ ಆ ಏಕರೂಪತೆ ದೊಡ್ಡ ಆಸರೆ.

ಈಗಾಗಲೇ ಕೊಂಡಿರುವವರು ಪ್ರತಿ ಭೇಟಿಯಲ್ಲೂ ಸಮಯ ತೋರಿಸುವ ಮೊಬೈಲನ್ನು ಎರಡೂ ಕ್ಯಾಮೆರಾಗಳ ಮುಂದೆ ಹಿಡಿದು ಒಂದೊಂದು ಚಿತ್ರ ತೆಗೆಸಿಕೊಳ್ಳಲಿ. ಗಡಿಯಾರಗಳು ಎಷ್ಟು ಸರಿದಿವೆ ಎಂಬುದು ಆ ಚಿತ್ರದಲ್ಲೇ ದಾಖಲಾಗಿ, ಆಮೇಲೆ ತಿದ್ದಿಕೊಳ್ಳಲು ಸಿಗುತ್ತದೆ.