ಒಂಟಿ ಫೋಟಾನ್ ಎಣಿಸಲು ಯಾವುದು ಮೇಲು: ಅವಲಾಂಶ್ ಡಯೋಡೋ, ಅತಿವಾಹಕ ತಂತಿಯೋ?

1,550 ನ್ಯಾನೋಮೀಟರ್ ಅವಗೆಂಪು ಬೆಳಕಿನ ಒಂದು ಫೋಟಾನಿನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಇರುವುದು ಬರೀ 0.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಸಿಲಿಕಾನ್ ಡಿಟೆಕ್ಟರಿಗೆ ಅದು ಸಾಲದು. ಹಾಗಾಗಿ ನಾನು ಪರೀಕ್ಷೆಗೆ ಎತ್ತಿಕೊಂಡದ್ದು ಇವೆರಡನ್ನು: ಒಂದು ಫೋಟಾನ್ ಬಿದ್ದರೂ ಎಲೆಕ್ಟ್ರಾನುಗಳು ಹಿಮಪಾತದಂತೆ ಉಕ್ಕುವ, ಇಂಡಿಯಂ ಗ್ಯಾಲಿಯಂ ಆರ್ಸೆನೈಡಿನ ಅವಲಾಂಶ್ ಡಯೋಡ್; ಕಡುಚಳಿಯಲ್ಲಿ ರೋಧವಿಲ್ಲದೆ ವಿದ್ಯುತ್ ಹರಿಸುವ, ನಯೋಬಿಯಂ ನೈಟ್ರೈಡಿನ ಅತಿವಾಹಕ ನ್ಯಾನೋತಂತಿ. ಎರಡಕ್ಕೂ ಒಂದೇ ಲೇಸರ್.

ಬಳಕೆಯ ಸುಲಭದಲ್ಲಿ ಡಯೋಡಿಗೆ ಸಾಟಿಯಿಲ್ಲ. ಸ್ವಿಚ್ ಒತ್ತಿ, ಮೈನಸ್ 50 ಡಿಗ್ರಿಗೆ ತಣಿಯಲು ಕೆಲವು ನಿಮಿಷ ಕಾದರೆ ಆಯಿತು. ತಂತಿಗೆ ಬೇಕಾದದ್ದು 2.5 ಕೆಲ್ವಿನ್ (ಸುಮಾರು ಮೈನಸ್ 271 ಡಿಗ್ರಿ), ಅಷ್ಟು ತಣಿಸುವ ಕ್ರಯೋಸ್ಟಾಟನ್ನು ಹಿಂದಿನ ರಾತ್ರಿಯೇ ಚಾಲೂ ಮಾಡಿ ಹೋಗುತ್ತಿದ್ದೆ.

ಲೇಸರ್ ಮುಚ್ಚಿ ಕತ್ತಲಲ್ಲಿ ಎಣಿಸಿದಾಗ ಡಯೋಡಿನ ಮೇಲಿನ ನಂಬಿಕೆ ಕುಗ್ಗಿತು. ಬೆಳಕೇ ಇಲ್ಲದೆ ಸೆಕೆಂಡಿಗೆ ಸಾವಿರಾರು ಎಣಿಕೆ! ಸಾಲದ್ದಕ್ಕೆ ಮರುಮಿಡಿತ. ಫೋಟಾನ್ ಬಿದ್ದಾಗ ಉಕ್ಕಿದ ಎಲೆಕ್ಟ್ರಾನುಗಳಲ್ಲಿ ಕೆಲವು ಹರಳಿನ ದೋಷಗಳಲ್ಲಿ ಸಿಕ್ಕಿಕೊಂಡು, ತಡವಾಗಿ ಬಿಡಿಸಿಕೊಂಡು, ಬಾರದ ಫೋಟಾನನ್ನು ಬಂತೆಂದು ಸಾರುತ್ತವೆ. ಪ್ರತಿ ಎಣಿಕೆಯ ನಂತರ ಡಯೋಡ್ ಸುಮ್ಮನಿರುವ ಅವಧಿಯಾದ ಡೆಡ್ ಟೈಮನ್ನು 10 ಮೈಕ್ರೋಸೆಕೆಂಡಿಗೆ ಏರಿಸಿದೆ. ಕಾಟ ತಗ್ಗಿತು, ಆದರೆ ಸೆಕೆಂಡಿಗೆ 1 ಲಕ್ಷಕ್ಕಿಂತ ಹೆಚ್ಚು ಎಣಿಸುವ ದಾರಿಯೂ ಮುಚ್ಚಿತು.

ತಂತಿ ಕೂಡ ಮೊದಲ ದಿನ ಕತ್ತಲಲ್ಲಿ ಸಾವಿರ ದಾಟಿ ಎಣಿಸಿ ನನ್ನನ್ನು ಗಾಬರಿಗೊಳಿಸಿತ್ತು. ಬೆಳಕನ್ನು ತಂತಿಗೆ ಒಯ್ಯುವ ಫೈಬರಿನ ಹಳದಿ ಕವಚದ ಮೇಲೆ ಕಪ್ಪು ಬಟ್ಟೆ ಹೊದಿಸಿದೆ; ಎಣಿಕೆ ಅರ್ಧಕ್ಕಿಳಿಯಿತು. ಕೋಣೆಯ ದೀಪದ ಬೆಳಕು ಕವಚದ ಮೂಲಕ ಒಳನುಸುಳುತ್ತಿತ್ತು. ಉಳಿದದ್ದು ಕೋಣೆಯ ಬಿಸುಪೇ ಸೂಸುವ ಅವಗೆಂಪು ಕಿರಣ. ಕ್ರಯೋಸ್ಟಾಟಿನ ತಣ್ಣನೆಯ ಭಾಗದಲ್ಲಿ ಫೈಬರನ್ನು ಚಿಕ್ಕ ಸುರುಳಿಯಾಗಿ ಸುತ್ತಿದಾಗ ಉದ್ದ ತರಂಗಗಳು ಬಾಗಿನಲ್ಲೇ ಸೋರಿಹೋದವು, ಎಣಿಕೆ ನೂರರೊಳಗೆ ನಿಂತಿತು. ದೋಷವೆಲ್ಲ ಹೊರಗಿನದು, ತಂತಿಯದಲ್ಲ ಎಂದು ತಿಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ದಕ್ಷತೆಯಲ್ಲಿ, ಅಂದರೆ ಬಂದ ಫೋಟಾನುಗಳಲ್ಲಿ ಎಷ್ಟನ್ನು ಎಣಿಸುತ್ತದೆ ಎಂಬುದರಲ್ಲಿ, ಡಯೋಡ್ ಶೇ. 20ರ ಆಸುಪಾಸು, ತಂತಿ ಶೇ. 80ಕ್ಕೂ ಮೇಲೆ. ಆದರೆ ಧ್ರುವೀಕರಣ (ಬೆಳಕು ಕಂಪಿಸುವ ದಿಕ್ಕು) ಸರಿಹೊಂದಿಸದಿದ್ದರೆ ತಂತಿಯ ಅಂಕಿ ಇಳಿಯುತ್ತದೆ. ಹಾವಿನಂತೆ ಮಡಚಿದ ತಂತಿ ತನ್ನ ಉದ್ದಕ್ಕೆ ಸಮಾಂತರವಾಗಿ ಕಂಪಿಸುವ ಬೆಳಕನ್ನೇ ಹೆಚ್ಚು ಹೀರುತ್ತದೆ. ಈ ಅಂಕಿಗಳನ್ನು ನಂಬುವ ಮುನ್ನ ಲೇಸರ್ ಬೆಳಕನ್ನು ತಗ್ಗಿಸುವ ಅಟೆನ್ಯುಯೇಟರುಗಳನ್ನು ಒಂದೊಂದಾಗಿ ಅಳೆಯಲೇಬೇಕು. 1 ಮೈಕ್ರೋವಾಟ್ ಬೆಳಕನ್ನು ಸೆಕೆಂಡಿಗೆ ಸುಮಾರು 1 ಲಕ್ಷ ಫೋಟಾನಿಗೆ ಇಳಿಸಲು 79 ಡೆಸಿಬೆಲ್ ಕಡಿತ ಬೇಕು. ಮೂರು ಅಟೆನ್ಯುಯೇಟರುಗಳು ತಲಾ 0.1 ಡೆಸಿಬೆಲ್ ಒಂದೇ ಕಡೆಗೆ ತಪ್ಪಿದರೂ ಫಲಿತಾಂಶ ಶೇ. 7ರಷ್ಟು ಕೆಡುತ್ತದೆ. ನನ್ನ ಸಮಯದ ಬಹುಪಾಲು ಹೋದದ್ದು ಇದಕ್ಕೇ.

ಫೈಬರ್ ಜೋಡಣೆ ಸರಿಯಿದೆಯೇ ಎಂದು ನೋಡಲು ಈಗಲೂ ಡಯೋಡನ್ನೇ ಹಚ್ಚುತ್ತೇನೆ. ಬರೆದಿಡುವ ಅಳತೆ ಮಾತ್ರ ತಂತಿಯದು.